‘ಕ್ರೈಸ್ತ ಜಗತ್ತು’ ಎಂಬುದು ಎಲ್ಲಿದೆ?

ನಮ್ಮ ಕನ್ನಡ ಬರವಣಿಗೆಯಲ್ಲಿ ಕೆಲವು ಪದಗಳು ಯಾರ ಪರಿಶೀಲನೆಗೂ ಒಳಗಾಗದೆ ದಶಕಗಳ ಕಾಲ ಚಲಾವಣೆಯಲ್ಲಿರುತ್ತವೆ. ‘ಕ್ರೈಸ್ತ ಜಗತ್ತು’ ಅಂಥದೊಂದು ಪದ. ಪಶ್ಚಿಮದ ಯಾವುದೋ ದೇಶ ಇನ್ನೊಂದು ದೇಶದ ಮೇಲೆ ಬಾಂಬು ಹಾಕಿದರೆ ‘ಕ್ರೈಸ್ತ ಜಗತ್ತಿನ ದಾಳಿ’ ಎನ್ನುತ್ತೇವೆ. ಯುರೋಪಿನಲ್ಲಿ ಶಿರವಸ್ತ್ರದ ಬಗ್ಗೆ ಕಾನೂನು ಬಂದರೆ ‘ಕ್ರೈಸ್ತ ಜಗತ್ತಿನ ಅಸಹನೆ’ ಎಂದು ಶೀರ್ಷಿಕೆ ಕೊಡುತ್ತೇವೆ. ಹಳ್ಳಿಯೊಂದರಲ್ಲಿ ಹತ್ತು ಮನೆಗಳವರು ಭಾನುವಾರ ಒಟ್ಟುಗೂಡಿ ಪ್ರಾರ್ಥಿಸಿದರೆ ಅದರ ಹಿಂದೆಯೂ ‘ಕ್ರೈಸ್ತ ರಾಷ್ಟ್ರಗಳ’ ಕೈ ಕಾಣುವವರಿದ್ದಾರೆ. ಪದ ಒಂದೇ, ಆದರೆ ಅದು ತೋರಿಸುವ ವಸ್ತು ಪ್ರತಿಸಲವೂ ಬೇರೆ. ಒಮ್ಮೆ ಅದು ಸರಕಾರ, ಇನ್ನೊಮ್ಮೆ ಸೇನೆ, ಮತ್ತೊಮ್ಮೆ ನಮ್ಮ ಪಕ್ಕದ ಬೀದಿಯ ಬಡ ಕುಟುಂಬ. ಇಷ್ಟೊಂದು ಸಂಗತಿಗಳನ್ನು ಒಂದೇ ಚೀಲದಲ್ಲಿ ತುಂಬುವ ಪದ ಯಾವುದನ್ನಾದರೂ ವಿವರಿಸಬಲ್ಲುದೇ ಎಂಬುದು ನಮ್ಮ ಪ್ರಶ್ನೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ರಿಸ್ಟೆಂಡಮ್’ ಎಂಬ ಪದವಿದೆ. ಅದರ ಇತಿಹಾಸ ಕುತೂಹಲಕಾರಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಕ್ರೈಸ್ತನಾಗಿರುವಿಕೆ, ಕ್ರೈಸ್ತ ವಿಶ್ವಾಸ ಎಂದಷ್ಟೇ ಅರ್ಥವಿತ್ತು. ಕ್ರಮೇಣ ಅದು ಆ ವಿಶ್ವಾಸಿಗಳು ವಾಸಿಸುವ ಭೂಭಾಗಕ್ಕೆ, ಅವರನ್ನು ಆಳುವ ಅರಸರ ಕೂಟಕ್ಕೆ ಹೆಸರಾಯಿತು. ಮನಸ್ಸಿನ ಸ್ಥಿತಿಯೊಂದು ಭೂಪಟದ ಮೇಲಿನ ಗೆರೆಯಾಗಿ ಮಾರ್ಪಟ್ಟ ಕಥೆ ಇದು. ಕ್ರಿ.ಶ. 313ರಲ್ಲಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯ ಕೊಟ್ಟನು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಅದನ್ನೇ ರೋಮನ್ ಸಾಮ್ರಾಜ್ಯದ ಅಧಿಕೃತ ಧರ್ಮವಾಗಿಸಿದನು. ಅಲ್ಲಿಯ ತನಕ ಆಳುವವರಿಂದ ಹಿಂಸೆ ಅನುಭವಿಸಿದ್ದ ಸಮುದಾಯ ಅಲ್ಲಿಂದ ಮುಂದೆ ಆಳುವವರ ಸಮುದಾಯವಾಯಿತು.

ಗಮನಾರ್ಹವೆಂದರೆ ಈ ಪದದ ಮೇಲೆ ಅತ್ಯಂತ ಕಠಿಣ ಟೀಕೆ ಮಾಡಿದವರಲ್ಲಿ ಕ್ರೈಸ್ತರೇ ಮುಂದಿದ್ದಾರೆ. ಡೆನ್ಮಾರ್ಕಿನ ಚಿಂತಕ ಕಿರ್ಕೆಗಾರ್ಡ್ 1854-55ರಲ್ಲಿ ತನ್ನ ದೇಶದ ಸರಕಾರಿ ಚರ್ಚಿನ ವಿರುದ್ಧ ಸರಣಿ ಬರಹಗಳನ್ನು ಪ್ರಕಟಿಸಿದನು. ಹುಟ್ಟಿದವರೆಲ್ಲರೂ ತಾವಾಗಿ ಕ್ರೈಸ್ತರೆನಿಸಿಕೊಳ್ಳುವ ನಾಡಿನಲ್ಲಿ ಏಸುವಿನ ಬೋಧನೆಗೆ ಜಾಗವೇ ಉಳಿಯುವುದಿಲ್ಲ ಎಂಬುದು ಅವನ ವಾದದ ಸಾರ. ಧರ್ಮವನ್ನು ಪ್ರದೇಶದ ಹೆಸರಾಗಿಸಿದರೆ ಮೊದಲ ನಷ್ಟ ಆ ಧರ್ಮಕ್ಕೇ ಎಂಬ ಈ ಮಾತು ಎಲ್ಲ ಧರ್ಮದವರೂ ಯೋಚಿಸಬೇಕಾದದ್ದು.

ನಸಾರಾ ಬೇರೆ, ಫರಂಗಿ ಬೇರೆ

ಇನ್ನು ಮುಸ್ಲಿಮರ ಭಾಷಾ ಪರಂಪರೆಯನ್ನು ನೋಡೋಣ. ಕುರ್‌ಆನ್ ಕ್ರೈಸ್ತರನ್ನು ‘ನಸಾರಾ’ ಎಂದೂ, ಯಹೂದಿಯರ ಜೊತೆ ಸೇರಿಸಿ ‘ಗ್ರಂಥದವರು’ ಎಂದೂ ಕರೆಯುತ್ತದೆ. ಬೈಜಾಂಟಿಯನ್ ಸಾಮ್ರಾಜ್ಯದ ಬಗ್ಗೆ ಹೇಳುವಾಗ ಮಾತ್ರ ‘ರೂಮ್’ ಎಂಬ ರಾಜಕೀಯ ಹೆಸರನ್ನು ಬಳಸುತ್ತದೆ. ಆ ಹೆಸರಿನ ಒಂದು ಅಧ್ಯಾಯವೇ ಇದೆ. ಮಕ್ಕಾದ ಹಿಂಸೆ ತಾಳಲಾರದೆ ಪ್ರವಾದಿಯವರ ಅನುಚರರು ಆಶ್ರಯ ಬೇಡಿ ಹೋದದ್ದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿಯ ಬಳಿಗೆ. ವಿಶ್ವಾಸಕ್ಕೆ ಒಂದು ಪದ, ಸಾಮ್ರಾಜ್ಯಕ್ಕೆ ಇನ್ನೊಂದು ಪದ. ಈ ಎಚ್ಚರ ಆರಂಭದಿಂದಲೇ ಇತ್ತು.

ಶಿಲುಬೆ ಯುದ್ಧಗಳ ಕಾಲದಲ್ಲೂ ಈ ಎಚ್ಚರ ತಪ್ಪಲಿಲ್ಲ. 1099ರಲ್ಲಿ ಜೆರುಸಲೇಮನ್ನು ವಶಪಡಿಸಿಕೊಂಡು ಅಲ್ಲಿನ ಮುಸ್ಲಿಮರನ್ನೂ ಯಹೂದಿಯರನ್ನೂ ಕೊಂದ ಸೈನಿಕರನ್ನು ಅರಬ್ ಇತಿಹಾಸಕಾರರು ‘ಇಫ್ರಂಜ್’, ಅಂದರೆ ಫ್ರಾಂಕರು ಎಂದು ಕರೆದರು. ಫ್ರಾಂಕ್ ಎಂಬುದು ಧರ್ಮದ ಹೆಸರಲ್ಲ, ಪಶ್ಚಿಮ ಯುರೋಪಿನ ಒಂದು ಜನಾಂಗದ ಹೆಸರು. ಅದೇ ಕಾಲಕ್ಕೆ ಸಿರಿಯಾ, ಈಜಿಪ್ಟುಗಳಲ್ಲಿ ಶತಮಾನಗಳಿಂದ ಬಾಳುತ್ತಿದ್ದ ಕಾಪ್ಟಿಕ್, ಸಿರಿಯಕ್, ಅರ್ಮೇನಿಯನ್ ಕ್ರೈಸ್ತರು ‘ನಸಾರಾ’ ಆಗಿಯೇ ಉಳಿದರು. ಅವರನ್ನು ಯಾರೂ ಇಫ್ರಂಜ್ ಎನ್ನಲಿಲ್ಲ. ಇಂದು ಅರಬಿಯಲ್ಲಿ ಬಳಕೆಯಲ್ಲಿರುವ ‘ಶಿಲುಬೆ ಯುದ್ಧಗಳು’ ಎಂಬ ಪದವೇ 19ನೇ ಶತಮಾನದಲ್ಲಿ ಯುರೋಪಿನ ಪುಸ್ತಕಗಳ ಪ್ರಭಾವದಿಂದ ಬಂದದ್ದು.

12ನೇ ಶತಮಾನದ ಸಿರಿಯಾದ ಸರದಾರ ಉಸಾಮಾ ಇಬ್ನ್ ಮುನ್ಕಿದ್ ತನ್ನ ನೆನಪುಗಳಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾನೆ. ಜೆರುಸಲೇಮಿನಲ್ಲಿ ಫ್ರಾಂಕ್ ಸೇನಾ ಸಂಘದ ಗೆಳೆಯರು ಅವನಿಗೆ ನಮಾಝ್ ಮಾಡಲು ಜಾಗ ಬಿಟ್ಟುಕೊಡುತ್ತಿದ್ದರು. ಒಮ್ಮೆ ಯುರೋಪಿನಿಂದ ಆಗಷ್ಟೇ ಬಂದಿಳಿದ ಒಬ್ಬ ಫ್ರಾಂಕ್, ಪ್ರಾರ್ಥನೆಯಲ್ಲಿದ್ದ ಉಸಾಮಾನ ಮುಖವನ್ನು ಬಲವಂತವಾಗಿ ಪೂರ್ವಕ್ಕೆ ತಿರುಗಿಸಿದನು. ಆ ಗೆಳೆಯರೇ ಬಂದು ಅವನನ್ನು ಎಳೆದೊಯ್ದು ಉಸಾಮಾನ ಕ್ಷಮೆ ಕೇಳಿದರು. ಯುದ್ಧದ ನಡುವೆಯೇ ಬದುಕಿದ್ದ ಆ ಮನುಷ್ಯ ಫ್ರಾಂಕರೊಳಗೂ ಇವರು ಬೇರೆ, ಅವರು ಬೇರೆ ಎಂದು ಬರೆದಿಟ್ಟನು. 1204ರಲ್ಲಂತೂ ಶಿಲುಬೆ ಹೊತ್ತು ಹೊರಟ ಸೇನೆ ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಕೊಳ್ಳೆ ಹೊಡೆಯಿತು. ಕ್ರೈಸ್ತ ಜಗತ್ತು ಒಂದೇ ಆಗಿದ್ದರೆ ಇದು ನಡೆಯುತ್ತಿತ್ತೇ?

ನಮ್ಮ ಹಿತ್ತಲಿನ ಪರಂಗಿ

ಅರಬಿಯ ಇಫ್ರಂಜ್ ಪರ್ಶಿಯನ್ನಿನಲ್ಲಿ ಫರಂಗ್ ಆಗಿ ಕನ್ನಡಕ್ಕೆ ಪರಂಗಿಯಾಗಿ ಬಂತು. ಹೊಳಲ್ಕೆರೆ, ಬಿ.ದುರ್ಗ, ಹಿರಿಯೂರಿನ ಕಡೆಯ ಹಿತ್ತಲುಗಳಲ್ಲಿ ಬೆಳೆಯುವ ಹಣ್ಣಿಗೆ ಪರಂಗಿ ಹಣ್ಣು ಎನ್ನುತ್ತೇವೆ. ಅಮೆರಿಕಾ ಖಂಡದ ಆ ಗಿಡ ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂತು. ಕೋಟೆಯ ಗೋಡೆ ಒಡೆಯುವ ತೋಪು ಫಿರಂಗಿಯಾಯಿತು. ಮಂಗಳೂರಿನ ಬಳಿ ನೇತ್ರಾವತಿಯ ದಂಡೆಯ ಊರು ಫರಂಗಿಪೇಟೆಯಾಯಿತು. 16ನೇ ಶತಮಾನದ ‘ಭಾವಪ್ರಕಾಶ’ ಎಂಬ ಆಯುರ್ವೇದ ಗ್ರಂಥ ಹೊಸದಾಗಿ ಬಂದ ಲೈಂಗಿಕ ರೋಗವನ್ನು ‘ಫಿರಂಗ ರೋಗ’ ಎಂದು ಕರೆಯಿತು. ಅದೇ ರೋಗವನ್ನು ಇಟಲಿಯವರು ಫ್ರೆಂಚರ ರೋಗವೆಂದರು, ಫ್ರೆಂಚರು ಇಟಲಿಯ ನೇಪಲ್ಸಿನ ರೋಗವೆಂದರು. ಹಣ್ಣು, ತೋಪು, ಊರು, ರೋಗ ಇವೆಲ್ಲಕ್ಕೂ ಸಲ್ಲುವ ಈ ಪದ ಹೊರಗಿನಿಂದ ಬಂದದ್ದು ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ.

ಆದರೆ ಕ್ರೈಸ್ತರು ನಿಜವಾಗಿಯೂ ಹೊರಗಿನಿಂದ ಬಂದವರೇ? ಪೋರ್ಚುಗೀಸರು ಬರುವ ಶತಮಾನಗಳ ಮೊದಲೇ ಕೇರಳದಲ್ಲಿ ಸಿರಿಯನ್ ಕ್ರೈಸ್ತರಿದ್ದರು. 1599ರ ಉದಯಂಪೇರೂರು ಸಭೆಯಲ್ಲಿ ಪೋರ್ಚುಗೀಸರು ತಮ್ಮ ಪದ್ಧತಿಗಳನ್ನು ಅವರ ಮೇಲೆ ಹೇರಿದರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಸೇರಿದ ಆ ದೇಶೀಯ ಕ್ರೈಸ್ತರು ಆ ಯಜಮಾನಿಕೆಯ ವಿರುದ್ಧ ಪ್ರತಿಜ್ಞೆ ಮಾಡಿದರು. ‘ಕ್ರೈಸ್ತ ಜಗತ್ತಿನ’ ದಬ್ಬಾಳಿಕೆಯನ್ನು ಈ ನೆಲದಲ್ಲಿ ಮೊದಲಿಗೆ ಪ್ರತಿಭಟಿಸಿದವರಲ್ಲಿ ಈ ನೆಲದ ಕ್ರೈಸ್ತರೂ ಇದ್ದರೆಂಬುದನ್ನು ನಮ್ಮ ಚರ್ಚೆಗಳು ಮರೆಯುತ್ತವೆ.

ಮತ್ತೊಂದು ಸಂಗತಿ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 1813ರವರೆಗೆ ತನ್ನ ಆಡಳಿತದ ಪ್ರದೇಶಗಳಲ್ಲಿ ಪಾದ್ರಿಗಳಿಗೆ ಮುಕ್ತ ಪ್ರವೇಶ ನೀಡಿರಲಿಲ್ಲ. ಧರ್ಮಪ್ರಚಾರದಿಂದ ಜನ ರೊಚ್ಚಿಗೆದ್ದರೆ ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಭಯ ಅದಕ್ಕಿತ್ತು. ಲಾಭಕ್ಕಾಗಿ ನಡೆದ ಆಳ್ವಿಕೆಯನ್ನು ಧರ್ಮದ ಆಳ್ವಿಕೆ ಎಂದು ಕರೆದರೆ ಲಾಭ ಮಾಡಿಕೊಂಡವರು ನಮ್ಮ ಕಣ್ಣಿಂದ ತಪ್ಪಿಸಿಕೊಳ್ಳುತ್ತಾರೆ.

ದುರ್ಗದ ಕೋಟೆ ಹೇಳುವ ಪಾಠ

ನಮ್ಮ ಚಿತ್ರದುರ್ಗ 1779ರಲ್ಲಿ ಮದಕರಿ ನಾಯಕನ ಕೈತಪ್ಪಿ ಹೈದರಾಲಿಯ ವಶವಾಯಿತು. ಕೆಲವೇ ವರ್ಷಗಳಲ್ಲಿ, 1783ರಲ್ಲಿ ಬಿದನೂರಿನಲ್ಲಿ ಟಿಪ್ಪುವಿಗೆ ಶರಣಾದ ಕಂಪನಿ ಸೇನೆಯ ಹಲವರನ್ನು ಇದೇ ಕೋಟೆಯಲ್ಲಿ ಸೆರೆಯಿಡಲಾಯಿತು. ಅದು ಪರಂಗಿ ಸೇನೆ ಹೌದು. ಆದರೆ ಬಿದನೂರಿಗೆ ಹೋಗಿದ್ದ ಆ ಸೇನೆಯಲ್ಲಿ ಬಿಳಿಯರಿಗಿಂತ ದೇಶೀಯ ಸಿಪಾಯಿಗಳೇ ಹೆಚ್ಚು. ಹಿಂದೂಗಳೂ ಮುಸ್ಲಿಮರೂ ಆಗಿದ್ದ ಆ ಸಿಪಾಯಿಗಳು ಸಂಬಳಕ್ಕಾಗಿ ಕಂಪನಿಯ ಬಂದೂಕು ಹಿಡಿದವರು. ಅತ್ತ ಟಿಪ್ಪುವಿನ ಪಾಳೆಯದಲ್ಲಿ ಫ್ರೆಂಚ್ ಸೈನಿಕರಿದ್ದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸಿಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡರು. 1790ರಿಂದ 1792ರವರೆಗಿನ ಯುದ್ಧದಲ್ಲಿ ಹೈದರಾಬಾದಿನ ನಿಜಾಮ, ಪೂನಾದ ಮರಾಠರು ಮತ್ತು ಕಂಪನಿ ಒಂದೇ ಕಡೆ ನಿಂತಿದ್ದರು. ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ 1798ರಲ್ಲಿ ತುರ್ಕಿಯ ಸುಲ್ತಾನ ಮೂರನೇ ಸಲೀಮ್ ಟಿಪ್ಪುವಿಗೆ ಪತ್ರ ಬರೆದು, ಫ್ರೆಂಚರ ಸಹವಾಸ ಬಿಟ್ಟು ಇಂಗ್ಲಿಷರೊಂದಿಗೆ ವೈರ ಕೈಬಿಡುವಂತೆ ಸಲಹೆ ಕೊಟ್ಟನು. ಇದರಲ್ಲಿ ‘ಕ್ರೈಸ್ತ ಜಗತ್ತು’ ಎಲ್ಲಿದೆ? ‘ಮುಸ್ಲಿಂ ಜಗತ್ತು’ ತಾನೇ ಎಲ್ಲಿದೆ?

ಆದರೆ ಇಂಥ ಪದವೊಂದು ಮನಸ್ಸಿನಲ್ಲಿ ನೆಲೆಯೂರಿದಾಗ ಅನಾಹುತವಾಗುತ್ತದೆ ಎಂಬುದಕ್ಕೆ ಅದೇ ಕಾಲದ ಕೆನರಾ ಸಾಕ್ಷಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಮಂಗಳೂರಿನ ಮುತ್ತಿಗೆಯಲ್ಲಿ ಅವರು ಇಂಗ್ಲಿಷರಿಗೆ ನೆರವಾದರು ಎಂಬುದು ಆರೋಪ. ಹಾಗೆ ಸಾಗಿಸಲ್ಪಟ್ಟವರ ಸಂಖ್ಯೆಯ ಬಗ್ಗೆ 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರವೇ.

ಕೆಲವರು ಇಂಗ್ಲಿಷರಿಗೆ ನೆರವಾಗಿದ್ದರೆ ಆ ಕೆಲವರನ್ನು ವಿಚಾರಿಸಬಹುದಿತ್ತು. ಹಸುಗೂಸುಗಳೂ ಮುದುಕಿಯರೂ ಯಾವ ಸೈನ್ಯಕ್ಕೆ ನೆರವಾದರು? ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಈ ಕುಟುಂಬಗಳು ಕ್ಯಾಥೊಲಿಕರು, ಇಂಗ್ಲೆಂಡಿನ ಪ್ರಭುತ್ವ ಪ್ರಾಟೆಸ್ಟಂಟರದು. ಆ ಪ್ರಭುತ್ವ 1829ರವರೆಗೆ ತನ್ನದೇ ಕ್ಯಾಥೊಲಿಕ್ ಪ್ರಜೆಗಳನ್ನು ಪಾರ್ಲಿಮೆಂಟಿನಲ್ಲಿ ಕೂರಲು ಬಿಟ್ಟಿರಲಿಲ್ಲ. ಲಂಡನ್ನಿನಲ್ಲಿ ಅಪನಂಬಿಕೆಗೆ ಗುರಿಯಾಗಿದ್ದವರು ಮಂಗಳೂರಿನಲ್ಲಿ ಲಂಡನ್ನಿನವರ ಬಂಟರೆನಿಸಿಕೊಂಡರು. ಟಿಪ್ಪು ಸಾಮ್ರಾಜ್ಯಶಾಹಿಯ ವಿರುದ್ಧ ಕೊನೆಯ ಉಸಿರಿನವರೆಗೆ ಹೋರಾಡಿದ ವೀರನೆಂಬುದು ನಿಜ. ಒಂದು ಇಡೀ ಸಮುದಾಯವನ್ನು ಶಿಕ್ಷಿಸಿದ್ದು ಅನ್ಯಾಯವೆಂಬುದೂ ನಿಜ. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಹೇಳಲು ಅಂಜಬೇಕಿಲ್ಲ. ಒಬ್ಬನ ಪಾಪಭಾರವನ್ನು ಇನ್ನೊಬ್ಬ ಹೊರಬೇಕಾಗಿಲ್ಲ ಎಂಬ ಕುರ್‌ಆನಿನ ನ್ಯಾಯತತ್ವ ಎಲ್ಲರ ಪಾಲಿಗೂ ಒಂದೇ.

ಹೊಸದುರ್ಗದಲ್ಲಿ ನಡೆದದ್ದು

ಇದು ಹಳೆಯ ಕಾಲದ ಮಾತಾಯಿತು ಎನ್ನುವವರು ನಮ್ಮದೇ ಜಿಲ್ಲೆಯ ಇತ್ತೀಚಿನ ಘಟನೆಯನ್ನು ನೆನಪಿಸಿಕೊಳ್ಳಬೇಕು. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು ತಮ್ಮ ತಾಯಿಯೇ ಮತಾಂತರಗೊಂಡಿದ್ದಾರೆಂದೂ, ಕ್ಷೇತ್ರದಲ್ಲಿ ಸಾವಿರಾರು ಮಂದಿ ಹಾಗೆ ಆಗಿದ್ದಾರೆಂದೂ ವಿಧಾನಸಭೆಯಲ್ಲಿ ಹೇಳಿದರು. ಅವರೂ ಸದಸ್ಯರಾಗಿದ್ದ ಶಾಸಕಾಂಗ ಸಮಿತಿ ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ಹೊಸದುರ್ಗ ತಾಲೂಕಿನಲ್ಲಿ ಅಂದಿನ ತಹಸೀಲ್ದಾರರು ನಡೆಸಿದ ವಿಚಾರಣೆಯಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲವೆಂಬ ವರದಿ ಬಂತು. ಆ ಬೆನ್ನಿಗೇ ಅವರ ವರ್ಗಾವಣೆಯಾದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಡಿಸೆಂಬರ್ 23ರಂದು ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ ಬಂದವು. 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ಅದನ್ನು ಹಿಂತೆಗೆಯುವ ತೀರ್ಮಾನ ಮಾಡಿತು.

ಒಬ್ಬ ತಾಯಿ ಯಾವ ದೇವರಲ್ಲಿ ನೆಮ್ಮದಿ ಕಂಡುಕೊಂಡಳು ಎಂಬುದು ಆಕೆಯ ಅಂತರಂಗದ ವಿಷಯ. ಅದು ಶಾಸನಸಭೆಯ ಚರ್ಚೆಯಾಗಿ, ರಾಜ್ಯವ್ಯಾಪಿ ಸಮೀಕ್ಷೆಯಾಗಿ, ಕೊನೆಗೆ ಕಾನೂನಾಗಿ ಬೆಳೆಯಲು ಕಾರಣವೇನು? ಆಕೆಯ ಪ್ರಾರ್ಥನೆಯ ಹಿಂದೆ ದೊಡ್ಡದೊಂದು ‘ಜಗತ್ತು’ ನಿಂತಿದೆ, ಅದಕ್ಕೆ ಹಣವಿದೆ, ಸಂಚಿದೆ ಎಂಬ ಕಲ್ಪನೆಯೇ ಕಾರಣ. ಅಂಕಿ ಅಂಶ ನೋಡಿದರೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ಶೇ. 1.87. ಇಡೀ ದೇಶದಲ್ಲಿ ಶೇ. 2.3. ಈ ಚಿಕ್ಕ ಸಮುದಾಯವನ್ನು ದೈತ್ಯವಾಗಿ ಕಾಣಿಸುವ ಭೂತಗನ್ನಡಿಯೇ ‘ಕ್ರೈಸ್ತ ಜಗತ್ತು’ ಎಂಬ ಪದ.

ಈ ಭೂತಗನ್ನಡಿ ಮುಸ್ಲಿಮರಿಗೆ ಅಪರಿಚಿತವಲ್ಲ. ಹಿರಿಯೂರಿನ ಸೈಕಲ್ ಶಾಪಿನವನೋ ಚಿತ್ರದುರ್ಗದ ಹಣ್ಣಿನ ವ್ಯಾಪಾರಿಯೋ ತಾನು ನೋಡದ ದೇಶದಲ್ಲಿ, ತನಗೆ ಗೊತ್ತಿಲ್ಲದವನು ಮಾಡಿದ ಕೃತ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ. ಏಕೆಂದರೆ ಅವನೂ ‘ಮುಸ್ಲಿಂ ಜಗತ್ತಿನ’ ಪ್ರಜೆಯೆಂದು ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ. ಇತಿಹಾಸಕಾರ ಜೆಮಿಲ್ ಆಯ್ದಿನ್ ತಮ್ಮ 2017ರ ಪುಸ್ತಕದಲ್ಲಿ ‘ಮುಸ್ಲಿಂ ಜಗತ್ತು’ ಎಂಬ ಕಲ್ಪನೆ ರೂಪುಗೊಂಡದ್ದು 19ನೇ ಶತಮಾನದ ಸಾಮ್ರಾಜ್ಯಗಳ ಕಾಲದಲ್ಲಿ ಎಂದು ತೋರಿಸಿದ್ದಾರೆ. ದಾರುಲ್ ಇಸ್ಲಾಂ ಎಂಬ ಹಳೆಯ ಪರಿಭಾಷೆಯೂ ಕುರ್‌ಆನಿನದಲ್ಲ, ಹಿಂದಿನ ಕಾನೂನು ಪಂಡಿತರದು. ತಮ್ಮ ವಿಷಯದಲ್ಲಿ ಈ ಅನ್ಯಾಯವನ್ನು ಬಲ್ಲವರ ಪತ್ರಿಕೆಗಳೂ ಭಾಷಣಗಳೂ ಅದೇ ಅಳತೆಗೋಲಿನಿಂದ ಕ್ರೈಸ್ತರನ್ನು ಅಳೆಯುವುದು ಸಲ್ಲದು.

ಪದ ಹೇಳದೆ ಉಳಿಸುವ ಸತ್ಯ

2001ರ ಸೆಪ್ಟೆಂಬರ್ 16ರಂದು ಅಮೆರಿಕಾದ ಅಧ್ಯಕ್ಷ ಬುಶ್ ‘ಕ್ರುಸೇಡ್’ ಎಂಬ ಪದ ಬಳಸಿದಾಗ ಜಗತ್ತಿನಾದ್ಯಂತ ಪ್ರತಿಭಟನೆ ವ್ಯಕ್ತವಾಯಿತು. ಅದು ಸಹಜ. ಆದರೆ 2003ರ ಇರಾಕ್ ಯುದ್ಧವನ್ನು ಪೋಪ್ ಎರಡನೇ ಜಾನ್ ಪಾಲ್ ಬಹಿರಂಗವಾಗಿ ವಿರೋಧಿಸಿದರು. ಆ ವರ್ಷದ ಫೆಬ್ರವರಿ 15ರಂದು ರೋಮ್, ಲಂಡನ್ ನಗರಗಳಲ್ಲಿ ಲಕ್ಷಾಂತರ ಮಂದಿ ಯುದ್ಧ ಬೇಡವೆಂದು ಬೀದಿಗಿಳಿದರು. ದಾಳಿಗೊಳಗಾದ ಇರಾಕಿನ ಉಪಪ್ರಧಾನಿ ತಾರಿಕ್ ಅಝೀಝ್ ಸ್ವತಃ ಕ್ರೈಸ್ತ. ಯುದ್ಧಾನಂತರದ ಅರಾಜಕತೆಯಲ್ಲಿ ಎರಡು ಸಾವಿರ ವರ್ಷಗಳ ಹಿನ್ನೆಲೆಯಿರುವ ಇರಾಕಿ ಕ್ರೈಸ್ತರಲ್ಲಿ ಬಹುಪಾಲು ಮಂದಿ ನೆಲೆ ಕಳಕೊಂಡರು. ‘ಕ್ರೈಸ್ತ ಜಗತ್ತು ಇರಾಕನ್ನು ಆಕ್ರಮಿಸಿತು’ ಎಂದು ಬರೆದರೆ ಈ ಒಂದು ಸತ್ಯಕ್ಕೂ ಆ ವಾಕ್ಯದಲ್ಲಿ ಜಾಗವಿಲ್ಲ. ‘ಅಮೆರಿಕಾ ಮತ್ತು ಬ್ರಿಟನ್ ಸರಕಾರಗಳು ಆಕ್ರಮಿಸಿದವು’ ಎಂದರೆ ತಪ್ಪಿತಸ್ಥರೂ ನೇರವಾಗಿ ಸಿಗುತ್ತಾರೆ, ನಿರಪರಾಧಿಗಳೂ ಉಳಿಯುತ್ತಾರೆ.

ಭೂಪಟದ ದೃಷ್ಟಿಯಿಂದಲೂ ಆ ಪದ ಹಳತಾಗಿದೆ. 1910ರಲ್ಲಿ ಜಗತ್ತಿನ ಕ್ರೈಸ್ತರಲ್ಲಿ ಮೂರನೇ ಎರಡರಷ್ಟು ಮಂದಿ ಯುರೋಪಿನಲ್ಲಿದ್ದರು. 2020ರ ಅಂದಾಜಿನಂತೆ ಸುಮಾರು 230 ಕೋಟಿ ಕ್ರೈಸ್ತರಲ್ಲಿ ಅತಿ ದೊಡ್ಡ ಪಾಲು, ಶೇ. 31ರಷ್ಟು, ಸಹಾರಾ ದಕ್ಷಿಣದ ಆಫ್ರಿಕಾದಲ್ಲಿದೆ. ನೈಜೀರಿಯಾದ ರೈತ, ಬ್ರೆಜಿಲಿನ ಕೂಲಿಗಾರ್ತಿ, ಮಿಜೋರಾಮಿನ ಶಿಕ್ಷಕ ಇವರೆಲ್ಲ ಒಂದೇ ವಿಶ್ವಾಸದವರು ನಿಜ, ಆದರೆ ಇವರಾರೂ ಯಾವ ಸಾಮ್ರಾಜ್ಯದ ಪಾಲುದಾರರಲ್ಲ.

ಅಧಿಕಾರದ ಜೊತೆ ಬಂದವರಲ್ಲೂ ಎಲ್ಲರೂ ಒಂದೇ ರೀತಿಯವರಾಗಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಮತ್ತು 1894ರಲ್ಲಿ ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಕಿಟೆಲ್ ಧರ್ಮಪ್ರಚಾರಕ್ಕೆಂದೇ ಬಂದವರು. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಒಬ್ಬ ಪಾದ್ರಿಯ ಮಗ, ಬೆಂಗಳೂರಿನಲ್ಲೇ ಹುಟ್ಟಿದವರು. ಈ ಜಿಲ್ಲೆಯ ಶಾಸನಗಳಿಗಾಗಿಯೇ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟವನ್ನು ಸಿದ್ಧಪಡಿಸಿದರು. ಇವರ ಕೆಲಸದ ಹಿಂದಿನ ಉದ್ದೇಶಗಳನ್ನು ವಿಮರ್ಶಿಸುವ ಹಕ್ಕು ನಮಗಿದೆ. ಕೆಲಸವನ್ನೇ ಮರೆಯುವ ಹಕ್ಕಿಲ್ಲ.

ಹಾಗಾದರೆ ಈ ಪದವನ್ನು ಬಳಸಲೇಬಾರದೇ? ಮಧ್ಯಯುಗದ ಯುರೋಪಿನ ಬಗ್ಗೆ ಬರೆಯುವಾಗ, ಪೋಪ್ ಮತ್ತು ಅರಸರು ಸೇರಿ ಆಳುತ್ತಿದ್ದ ಆ ವ್ಯವಸ್ಥೆಗೆ ‘ಕ್ರೈಸ್ತ ಪ್ರಭುತ್ವ’ ಎಂಬ ಹೆಸರು ಸಲ್ಲುತ್ತದೆ. ವಿಶ್ವಾಸಿಗಳ ಬಗ್ಗೆ ಹೇಳುವಾಗ ‘ಕ್ರೈಸ್ತರು’ ಎಂಬುದೇ ಸಾಕು. ಸರಕಾರದ ಕೃತ್ಯಕ್ಕೆ ಆ ಸರಕಾರದ ಹೆಸರು, ಕಂಪನಿಯ ಕೃತ್ಯಕ್ಕೆ ಕಂಪನಿಯ ಹೆಸರು ಇದೆ. ಪರಂಗಿ ಎಂಬುದು ಹಣ್ಣಿಗಿರಲಿ, ಅಲ್ಲಿ ಅದು ಯಾರನ್ನೂ ನೋಯಿಸುವುದಿಲ್ಲ.

ಇದು ಬರೀ ನಿಘಂಟಿನ ಜಗಳವೆಂದು ಯಾರೂ ತಿಳಿಯಬಾರದು. ದೂರದ ಜಗತ್ತಿನ ಲೆಕ್ಕವನ್ನು ಹತ್ತಿರದ ಮನೆಯ ಬಾಗಿಲಲ್ಲಿ ವಸೂಲಿ ಮಾಡುವ ಕೆಲಸ ಮೊದಲು ಶುರುವಾಗುವುದು ಪದಗಳಲ್ಲಿ. 1784ರ ಕೆನರಾದಲ್ಲೂ 2021ರ ಹೊಸದುರ್ಗದಲ್ಲೂ ಬಾಗಿಲು ತೆರೆದು ಉತ್ತರ ಕೊಡಬೇಕಾಗಿ ಬಂದವರು ಈ ನಾಡಿನ ಮನೆಗಳವರೇ. ಅವರನ್ನು ನೆರೆಯವರೆಂದು ಕರೆಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.